ಎದೆಗೆ ಗುದ್ದೋ ಸದ್ದೋ, ಎದೆಗಿಳಿಯೋ ಹಾಡೋ?

ಈ ವಾರದ ಅಂಚೆಯಲ್ಲಿ ತಾರೆಯರ ವಿಳಾಸ ಕೇಳಿದವರಿದ್ದಾರೆ, ನಾಯಕಿಗೆ ಮದುವೆ ಯಾವಾಗ ಅಂತ ಕೇಳಿದವರೂ ಇದ್ದಾರೆ. ಅವರೆಲ್ಲ ಮುಂದಿನ ವಾರದ ತನಕ ಸ್ವಲ್ಪ ತಾಳಿಕೊಳ್ಳಲಿ. ಕಾರವಾರದ ಹಬ್ಬುವಾಡದ ತರುಣ ಮಿತ್ರರೊಬ್ಬರ ಪ್ರಶ್ನೆ ಮಾತ್ರ ಕಾಯೋ ಹಾಗಿಲ್ಲ. ಅವರ ರಜೆ ಮುಗಿಯೋದಕ್ಕೆ ಉಳಿದಿರೋದು ಹದಿನೆಂಟೇ ದಿನ. ಆಮೇಲೆ ಮತ್ತೆ ಹಡಗು, ಎಂಟು ತಿಂಗಳು ಬರೀ ನೀರು!

ಪ್ರಶ್ನೆ ಏನಪ್ಪಾ ಅಂದ್ರೆ, ಮನೆಯ ಒಂದು ಕೋಣೆಯನ್ನ ಹಾಡು ಕೇಳೋದಕ್ಕೇ ಅಂತ ಮೀಸಲಿಟ್ಟಿದ್ದಾರೆ. ಅದಕ್ಕೆ ನೆಲದ ಮೇಲೇ ನಿಲ್ಲೋ ದೊಡ್ಡ ಸ್ಪೀಕರ್ ಜೋಡಿ ಬೇಕು. ಕಣ್ಣು ಬಿದ್ದಿರೋದು ಮೂರರ ಮೇಲೆ: ಬವರ್ಸ್ ಅಂಡ್ ವಿಲ್ಕಿನ್ಸ್ 702 ಎಸ್3, ಕೆಇಎಫ್ ಆರ್7 ಮೆಟಾ, ಕ್ಲಿಪ್ಶ್ ಕಾರ್ನ್‌ವಾಲ್ 4. ‘ನಾಲ್ಕು ವರ್ಷದ ಉಳಿತಾಯ ಗುರುಗಳೇ. ನನಗೆ ಕಾಂತಾರದ ಅಬ್ಬರ ಬೇಕು, ಅಪ್ಪನಿಗೆ ಅಣ್ಣಾವ್ರ ಹಾಡು ಬೇಕು. ಯಾವುದು ತಗೊಳ್ಳಲಿ?’

ಎರಡು ಸಾಲು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ನಾಲ್ಕು ವರ್ಷದ ಬೆವರು ಅಂದಮೇಲೆ ಮನಸ್ಸು ಒಪ್ಪಲಿಲ್ಲ. ಅಂಕೋಲೆ ಕಡೆ ಕೆಲಸವಿತ್ತು, ಹಾಗೇ ಹಬ್ಬುವಾಡಕ್ಕೂ ಹೋಗಿ ಕೋಣೆ ನೋಡಿ ಬಂದೆ.

ನೋಡಿ ಮಿತ್ರರೇ, ಈ ಚಿತ್ರದಲ್ಲಿ ಹೀರೋ ಸ್ಪೀಕರ್ ಇರಬಹುದು. ಆದರೆ ವಿಲನ್ ಯಾರು ಗೊತ್ತೇ? ಕೋಣೆ! 14 ಅಡಿ ಉದ್ದ, 12 ಅಡಿ ಅಗಲ. ಚಿರೇಕಲ್ಲಿನ ಗೋಡೆ, ಮೇಲೆ ಸಿಮೆಂಟ್ ಗಾರೆ, ಕೆಳಗೆ ಟೈಲ್ಸ್. ಒಂದು ಚಪ್ಪಾಳೆ ತಟ್ಟಿದೆ. ‘ಟಣ್’ ಅಂತ ವಾಪಸ್ ಬಂತು!

ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತೆ. ಯಾವ ಸ್ವರದ ಅರ್ಧ ಅಲೆ ಕೋಣೆಯ ಅಳತೆಗೆ ಸರಿಹೊಂದುತ್ತೋ ಆ ಸ್ವರ ಗೋಡೆಗಳ ನಡುವೆ ಸಿಕ್ಕಿ ಉಬ್ಬುತ್ತೆ. 14 ಅಡಿಗೆ ಅದು ಸುಮಾರು 40 ಹರ್ಟ್ಜ್, 12 ಅಡಿಗೆ ಸುಮಾರು 47. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41! ಅಂದ್ರೆ 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜ ಕೊಟ್ಟ ಹಾಡುಗಳನ್ನ ಹಾಕಿ ಕೂತರೆ, ಗಿಟಾರ್ ಕೆಳಗಿಳಿದಾಗಲೆಲ್ಲ ಕೋಣೆಯೂ ದನಿ ಸೇರಿಸುತ್ತೆ. ಸ್ಪೀಕರನ್ನ ಮೂಲೆಗೆ ಒತ್ತಿದರಂತೂ ಕೇಳೋದೇ ಬೇಡ.

ಈಗ ಕಾರ್ನ್‌ವಾಲ್ ಮಾತು. 15 ಅಂಗುಲದ ವೂಫರ್, ಮೇಲೆ ಹಾರ್ನ್. ಥಿಯೇಟರಿನ ಪರದೆ ಹಿಂದೆ ಕೂತಿರೋ ಸ್ಪೀಕರುಗಳ ದಾಯಾದಿ ಇದು. ಗಾಂಧಿ ಕ್ಲಾಸಿನಲ್ಲಿ ಶಿಳ್ಳೆ ಹೊಡೆದು ಬೆಳೆದ ನಮ್ಮಂಥವರಿಗೆ ಪ್ರೀತಿ ಹುಟ್ಟೋದು ಸಹಜವೇ. ಕಂಪನಿ ಹೇಳೋ ಸೂಕ್ಷ್ಮತೆ 102 ಡೆಸಿಬೆಲ್. 702ರದ್ದು 90, ಆರ್7ರದ್ದು 88. ಮೂರು ಡೆಸಿಬೆಲ್ ಹೆಚ್ಚಬೇಕಾದರೆ ಆಂಪ್ಲಿಫೈಯರ್ ಎರಡರಷ್ಟು ಶಕ್ತಿ ಕೊಡಬೇಕು. ಹಾಗಾಗಿ ಕಾರ್ನ್‌ವಾಲ್ ಒಂದು ವಾಟಿನಲ್ಲಿ ಕೂಗೋದನ್ನ ಕೂಗೋಕೆ 702ಕ್ಕೆ 16 ವಾಟ್ ಬೇಕು. ಕೇಳೋಕೆ ಭಾರೀ ವ್ಯತ್ಯಾಸ. ಆದರೆ ಸ್ವಾಮೀ, ಹನ್ನೆರಡು ಅಡಿಯ ಕೋಣೆಯಲ್ಲಿ ಆ 16 ವಾಟ್ ಯಾವ ಮಹಾ! ಅದಕ್ಕೋಸ್ಕರ ಎರಡಡಿಗೂ ಮಿಕ್ಕಿ ಅಗಲದ ಎರಡು ಪೆಟ್ಟಿಗೆ ತಂದಿಟ್ಟರೆ ಕೂರೋದೆಲ್ಲಿ?

ಇನ್ನು ಅಪ್ಪ. ನಿವೃತ್ತ ಬಸ್ ಕಂಡಕ್ಟರ್, ವಯಸ್ಸು ಎಪ್ಪತ್ತೆರಡು. ಮನೆಯಲ್ಲಿ ಈಗಿರೋ ಡಬ್ಬದ ಸ್ಪೀಕರ್ ತೋರಿಸಿ ಒಂದೇ ಮಾತು ಹೇಳಿದರು: ‘ಸದ್ದೇನೋ ಕೇಳ್ತದೆ ಮಾರಾಯ್ರೇ, ಮಾತೇ ತಿಳೂದಿಲ್ಲ.’

ಮಗನ ಪತ್ರದಲ್ಲಿ ಇಲ್ಲದ್ದು ಈ ಮಾತಿನಲ್ಲಿತ್ತು. ವಯಸ್ಸಾದಂತೆ ಕಿವಿಗೆ ಮೊದಲು ತಪ್ಪಿಹೋಗೋದು ಮೇಲಿನ ಸ್ವರ. ಸ, ಶ, ತ ಇಂಥ ಅಕ್ಷರಗಳ ಅಂಚು ಅಲ್ಲೇ ಇರೋದು. ಅದರ ಮೇಲೆ ಕೆಳಗಿನ ಸ್ವರ ಗುಂಯ್‌ಗುಟ್ಟಿದರೆ ಸಾಹಿತ್ಯ ಪೂರ್ತಿ ಮುಳುಗುತ್ತೆ. ಮಗ ಎಂಟು ತಿಂಗಳು ಸಮುದ್ರದ ಮೇಲೆ. ಆ ಕೋಣೆಯಲ್ಲಿ ಕೂತು ಕೇಳೋರು ಯಾರು? ಅಪ್ಪ! ಅಂದಮೇಲೆ ಯಾರ ಕಿವಿಗೆ ತಕ್ಕಂತೆ ಆರಿಸಬೇಕು, ನೀವೇ ಹೇಳಿ.

ನನ್ನ ಓಟು ಆರ್7 ಮೆಟಾಗೆ. ಅದರಲ್ಲಿ ಮೇಲಿನ ಸ್ವರದ ಟ್ವೀಟರ್, ನಡುಸ್ವರದ ಕೋನಿನ ಹೊಟ್ಟೆಯೊಳಗೇ ಕೂತಿದೆ. ಕಂಠ ಒಂದೇ ಜಾಗದಿಂದ ಹೊರಡುತ್ತೆ. ಸಣ್ಣ ಕೋಣೆಯಲ್ಲಿ ಹತ್ತಿರ ಕೂತು ಕೇಳೋರಿಗೆ ಇದು ದೊಡ್ಡ ಅನುಕೂಲ. ಆರೂವರೆ ಅಂಗುಲದ ಎರಡು ವೂಫರ್ ಇವೆ, ಕಾಂತಾರಕ್ಕೆ ಅಜನೀಶ್ ಲೋಕನಾಥ್ ಕೊಟ್ಟ ಅಬ್ಬರಕ್ಕೂ ಮೋಸವಿಲ್ಲ. 702 ಕೆಟ್ಟದ್ದು ಅಂತ ಯಾರೂ ಹೇಳಲ್ಲ. ಅದರ ಮೂರು ವೂಫರ್ ಇದಕ್ಕಿಂತ ದೊಡ್ಡ ಹಾಲ್ ಕೇಳುತ್ತೆ, ಅಷ್ಟೆ.

ಆದರೆ ನನ್ನ ಮಾತು ನಂಬಿ ದುಡ್ಡು ಸುರೀಬೇಡಿ. ಅಪ್ಪನನ್ನ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿಸಿ ಬೆಂಗಳೂರಿಗೆ ಕರ್ಕೊಂಡು ಹೋಗಿ. ಅಂಗಡಿಯವರು ಹಾಕೋ ಇಂಗ್ಲಿಷ್ ಹಾಡು ಬೇಡ ಅನ್ನಿ. 1972ರ ‘ಬಂಗಾರದ ಮನುಷ್ಯ’ದಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿದ್ದು, 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಅಣ್ಣಾವ್ರೇ ಹಾಡಿದ್ದು, ಎರಡನ್ನೂ ಕೇಳಿ. ಆ ಕಾಲದ ನಮ್ಮ ಬಹುಪಾಲು ಹಾಡು ಮೋನೋ. ಎರಡೂ ಸ್ಪೀಕರಿನಿಂದ ಬರೋದು ಒಂದೇ ಸದ್ದು. ಜೋಡಿ ಒಳ್ಳೇದಾಗಿದ್ದು, ಇಟ್ಟ ರೀತಿ ಸರಿಯಿದ್ದರೆ ಗಾಯಕರು ಎರಡರ ನಟ್ಟನಡುವೆ ಬಂದು ನಿಂತ ಹಾಗೆ ಕೇಳಬೇಕು. ದನಿ ಆ ಕಡೆ ಈ ಕಡೆ ಚೆಲ್ಲಿದರೆ ಜಾಗ ಬದಲಿಸೋಕೆ ಹೇಳಿ. ಆಗಲೂ ಚೆಲ್ಲಿದರೆ ಎದ್ದು ಬನ್ನಿ.

ಮನೆಗೆ ತಂದ ಮೇಲೆ ಹಿಂದಿನ ಗೋಡೆಯಿಂದ ಎರಡೂವರೆ ಅಡಿ ಮುಂದಕ್ಕಿಡಿ. ಕುರ್ಚಿ ಗೋಡೆಗೆ ಅಂಟಿಸಬೇಡಿ, ಕೋಣೆಯ ಸರಿಮಧ್ಯಕ್ಕೂ ಬೇಡ. ಕಾರ್ಪೆಟ್ ಹಾಸಿದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತೆ. ಬದಲಿಗೆ ನಮ್ಮ ಜಿಲ್ಲೆಯ ಸಿದ್ದಿ ಹೆಂಗಸರು ಹೊಲಿಯೋ ಕೌದಿ ಎರಡು ತಂದು ಪಕ್ಕದ ಗೋಡೆಗಳಿಗೆ ತೂಗುಹಾಕಿ. ಆ ‘ಟಣ್’ ಸಾಕಷ್ಟು ಅಡಗುತ್ತೆ. ಗುಂಯ್‌ಗುಟ್ಟೋದಕ್ಕೆ ಮಾತ್ರ ಕೌದಿ ಮದ್ದಲ್ಲ, ಅದಕ್ಕೆ ಜಾಗ ಬದಲಿಸೋದೇ ಮದ್ದು. ತಳಕ್ಕೆ ಗ್ರಾನೈಟ್ ಚಪ್ಪಡಿ ಕೊಡಿ, ನೀರು ಕುಡಿದ ಎಂಡಿಎಫ್ ಹಲಗೆ ಉಬ್ಬಿದರೆ ಇಳಿಯೋದಿಲ್ಲ. ಉಪ್ಪುಗಾಳಿಗೆ ತಂತಿ ಸೇರೋ ಜಾಗ ಕಿಲುಬು ಹಿಡಿಯುತ್ತೆ, ಆಗಾಗ ಬಿಚ್ಚಿ ಒರೆಸಬೇಕು.

ಕೊನೇದಾಗಿ, ಹಡಗು ಹತ್ತೋವಾಗ ಕೋಣೆಗೆ ಬೀಗ ಹಾಕಬೇಡಿ. ದಿನಾ ಒಂದು ಗಂಟೆ ಅಪ್ಪ ಹಾಡು ಹಾಕಲಿ. ಆಂಪ್ಲಿಫೈಯರಿನ ಬಿಸಿಗೆ ಅದರೊಳಗಿನ ತೇವವೂ ಆರುತ್ತೆ, ಮನೆಯಲ್ಲಿ ಮಗನಿಲ್ಲದ ಬೇಸರವೂ ಒಂದಿಷ್ಟು ಆರುತ್ತೆ. ರಿಮೋಟಿನಲ್ಲಿ ಅವರಿಗೆ ಬೇಕಾದ ಎರಡು ಗುಂಡಿ ಯಾವುದು ಅಂತ ಈಗಲೇ ಕಲಿಸಿಡಿ.

ಅಂಗಡಿಯಲ್ಲಿ ಅಪ್ಪ ‘ಅಡ್ಡಿಲ್ಲ’ ಅಂದರೆ ಮಾತ್ರ ದುಡ್ಡು ಎಣಿಸಿ. ಉತ್ತರ ಕನ್ನಡದಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ!