ಧ್ವನಿಯೊಂದು, ಬರಹವೆರಡು

ಬರೆದಂತೆ ಓದುವ ಕನ್ನಡದಲ್ಲಿ ಅಕ್ಷರಾಭ್ಯಾಸ ಮಾಡಿದ ನಾವು, ಇಂಗ್ಲಿಷಿನ ಅಕ್ಷರಕ್ಕೂ ಉಚ್ಚಾರಣೆಗೂ ಹೊಂದಿಕೆಯಿಲ್ಲವೆಂದು ಆಕ್ಷೇಪಿಸುವುದು ಸಹಜವೇ ಆದರೂ, ಆ ಆಕ್ಷೇಪವು ನ್ಯಾಯವಾದುದೆಂದು ನನಗೆ ತೋರುವುದಿಲ್ಲ. ಇರುಳೆಂಬ ಅರ್ಥದ ‘ನೈಟ್’, ಅಶ್ವಾರೂಢನಾದ ವೀರನೆಂಬ ಅರ್ಥದ ‘ನೈಟ್’ ಇವೆರಡನ್ನೂ ನಮ್ಮ ಲಿಪಿಯಲ್ಲಿ ಬರೆದರೆ ಭೇದವೇ ಉಳಿಯದು. ಇಂಗ್ಲಿಷ್ ಬರಹದಲ್ಲಾದರೋ ಎರಡನೆಯದರ ಆದಿಯಲ್ಲಿ ಮೌನವಾಗಿ ನಿಂತಿರುವ ‘ಕೆ’ ಅಕ್ಷರವೇ ಓದುಗನ ಕಣ್ಣಿಗೆ ಅರ್ಥವನ್ನು ನಿಶ್ಚಯಿಸಿಕೊಡುತ್ತದೆ.

ಆ ‘ಕೆ’ ಮೊದಲಿನಿಂದಲೂ ಮೌನವಾಗಿದ್ದುದಲ್ಲ. ಹದಿನಾಲ್ಕನೆಯ ಶತಮಾನದ ಕವಿ ಚಾಸರನ ಕಾಲದಲ್ಲಿ ಜನರು ಆ ಪದವನ್ನು, ನಡುವಣ ‘ಜಿ’, ‘ಎಚ್’ಗಳನ್ನೂ ಉಸಿರೊತ್ತಿ ಹೊರಡಿಸುತ್ತ, ಹೆಚ್ಚುಕಡಿಮೆ ‘ಕ್ನಿಹ್ಟ್’ ಎಂದೇ ನುಡಿಯುತ್ತಿದ್ದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದ ತರುವಾಯ ಬರಹದ ರೂಪವು ಕ್ರಮಕ್ರಮವಾಗಿ ಸ್ಥಿರಗೊಳ್ಳುತ್ತ ಬಂದಿತು. ನಾಲಗೆ ಮಾತ್ರ ಅಚ್ಚಿನ ಮೊಳೆಗೆ ಕಟ್ಟುಬೀಳದೆ ತನ್ನ ದಾರಿ ಹಿಡಿಯಿತು. ಮಾಂಸವೆಂಬ ಅರ್ಥದ ‘ಮೀಟ್’, ಸಂಧಿಸುವುದೆಂಬ ಅರ್ಥದ ‘ಮೀಟ್’ ಇವೂ ಒಮ್ಮೆ ಭಿನ್ನ ಸ್ವರಗಳುಳ್ಳ ಪದಗಳೇ ಆಗಿದ್ದವು. ಕಿವಿ ಕಳೆದುಕೊಂಡ ಈ ಭೇದವನ್ನು ಬರಹವು ಇಂದಿಗೂ ಕಾಪಾಡಿಕೊಂಡು ಬಂದಿದೆ.

ಆಂಗ್ಲರ ಆಸ್ಥಾನಕವಿ ರಾಬರ್ಟ್ ಬ್ರಿಜಸ್ 1919ರಲ್ಲಿ ಇಂಥ ಪದಗಳನ್ನೇ ಕುರಿತು ಪ್ರಬಂಧವೊಂದನ್ನು ಪ್ರಕಟಿಸಿ, ಇವುಗಳ ಬಾಹುಳ್ಯವು ಭಾಷೆಗೆ ಹಾನಿಕರವೆಂದು ಕಳವಳಪಟ್ಟನು. ಪದವನ್ನು ಬಿಡಿಯಾಗಿ ಕೇಳಿದಾಗ ಆ ಕಳವಳ ನಿಜವೇ. ಆದರೆ ಲೋಕದಲ್ಲಿ ಬಿಡಿಪದಗಳಿಂದ ಮಾತನಾಡುವವರಾರು? ನಮ್ಮಲ್ಲಿಯೂ ‘ಅರಸು’ ಎಂದರೆ ದೊರೆಯೂ ಹೌದು, ಹುಡುಕು ಎಂಬುದೂ ಹೌದು. ಬರಹದಲ್ಲಿಯೂ ಭೇದವಿಲ್ಲದ ಈ ಪದದಿಂದ ಯಾವ ಕನ್ನಡಿಗನೂ ತಬ್ಬಿಬ್ಬಾಗುವುದಿಲ್ಲ, ಏಕೆಂದರೆ ವಾಕ್ಯವೇ ಅರ್ಥವನ್ನು ನಿರ್ಣಯಿಸುತ್ತದೆ.

ನಮ್ಮ ಎಷ್ಟೋ ತರಗತಿಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಜೋಡಿಪದಗಳ ಪಟ್ಟಿಯನ್ನು ಕಂಠಪಾಠ ಮಾಡಿಸಿ, ಉಕ್ತಲೇಖನದ ವೇಳೆಯಲ್ಲಿ ‘ಸನ್’ ಎಂದಷ್ಟೇ ಗಟ್ಟಿಯಾಗಿ ಹೇಳಿದರೆ, ಅದು ಸೂರ್ಯನೋ ಮಗನೋ ಎಂಬುದನ್ನು ಮಗುವು ಯಾವ ಆಧಾರದಿಂದ ತಿಳಿಯಬೇಕು? ಮಗುವು ‘ಯು’ ಬರೆಯಬೇಕಾದಲ್ಲಿ ‘ಓ’ ಬರೆಯಿತೆಂದು ಕೆಂಪು ಗೆರೆಯೆಳೆದು ಅಂಕ ಕಳೆಯುವುದು ಅನ್ಯಾಯವೆಂದೇ ನನ್ನ ದೃಢವಾದ ಅಭಿಪ್ರಾಯ. ಉಪಾಧ್ಯಾಯರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಪದವನ್ನು ಒಂಟಿಯಾಗಿ ಕೊಡಬೇಡಿ, ವಾಕ್ಯವನ್ನು ಹೇಳಿ ಬರೆಯಿಸಿ, ಸಾಧ್ಯವಾದಲ್ಲಿ ಆ ಮೌನಾಕ್ಷರದ ಪೂರ್ವಕಥೆಯನ್ನೂ ಮಕ್ಕಳಿಗೆ ತಿಳಿಸಿ.