ಕೊಡದ ಸಾಲಕ್ಕೆ ಬಡ್ಡಿ

ಊರಿಗೆ ಬಂದಾಗಲೆಲ್ಲ ನನ್ನ ಕಿವಿಗೆ ಬೀಳುವ ದೂರು ಒಂದೇ: "ಹೊರಗಿನಿಂದ ಬಂದವರು ಹತ್ತು ವರ್ಷವಾದರೂ ಕನ್ನಡ ಕಲಿಯೋಲ್ಲ ಕಣ್ರೀ." ದೂರು ಸುಳ್ಳಲ್ಲ. ಆದರೆ ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದವನಾಗಿ ನನ್ನದೊಂದು ಪ್ರಶ್ನೆ. ನೀವು ಅವರಿಗೆ ಕನ್ನಡವನ್ನು ಕೊಟ್ಟಿದ್ದೀರಾ? ಮಂಜೂರೇ ಮಾಡದ ಸಾಲಕ್ಕೆ ಬಡ್ಡಿ ವಸೂಲಿ ಮಾಡುವ ಪದ್ಧತಿ ನಾನಂತೂ ಎಲ್ಲೂ ಕಂಡಿಲ್ಲ.

ನನಗೆ ತಮಿಳಿನ ಸಾಲ ಸಿಕ್ಕಿದ್ದು ಒಂದೇ ದಿನದಲ್ಲಿ. ನಿವೃತ್ತನಾದ ಮೇಲೆ ಮಗನ ಜೊತೆ ಚೆನ್ನೈನ ಪಶ್ಚಿಮ ಮಾಂಬಲಂನಲ್ಲಿದ್ದೇನೆ. ಬಂದ ಹೊಸತು, 2022ರ ನವೆಂಬರ್. ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆಂದು ಸಾಬೀತು ಮಾಡಬೇಕಾದ ತಿಂಗಳು. ಚೆನ್ನೈಗೆ ಅದೇ ಮಳೆಗಾಲ. ಕೈಯಲ್ಲಿ ನಾಲ್ಕು ಕೆಲಸದ ಚೀಟಿ: ಜೀವಂತ ಪ್ರಮಾಣಪತ್ರ, ಮಿಕ್ಸಿ ರಿಪೇರಿ, ಮಾತ್ರೆ, ಪೂಜೆಗೆ ಹೂ.

ಸಬ್‌ವೇಯಲ್ಲಿ ಮೊಣಕಾಲುದ್ದ ನೀರು. ಆಟೋದವನು "ಅಂದ ಪಕ್ಕಂ ಪೋಗಾದು" ಎಂದು ಕೈಯಾಡಿಸಿಬಿಟ್ಟ. ಸರಿ, ಮಾಂಬಲಂ ಸ್ಟೇಷನ್ನಿನ ಮೇಲುಸೇತುವೆ ಹತ್ತಿ, ರಂಗನಾಥನ್ ಸ್ಟ್ರೀಟಿನ ಜಾತ್ರೆಯಲ್ಲಿ ಕೊಡೆಗೆ ಕೊಡೆ ತಾಗಿಸಿಕೊಂಡು ನಡೆದೆ. ದಾರಿ ಕೇಳಿದರೆ ಹೂವಿನ ಹೆಂಗಸು "ವಲದು ಪಕ್ಕಂ" ಅಂದಳು. ವಲ ಅಂದರೆ ಬಲ. ಬ್ಯಾಂಕಿನಲ್ಲಿ ನನ್ನ ಸವೆದ ಬೆರಳನ್ನು ಯಂತ್ರ ಒಪ್ಪಲೇ ಇಲ್ಲ. ಕೌಂಟರಿನ ಹುಡುಗಿ "ವಿರಲೆ ತೊಡಚ್ಚಿಟ್ಟು ವೈಂಗ ಸಾರ್" ಎಂದಳು. ವಿರಲ್ ಅಂದರೆ ಬೆರಳು. ತೊಡೆಯುವುದು ನಮ್ಮಲ್ಲೂ ಇದೆಯಲ್ಲ! ಒರೆಸಿ ಇಟ್ಟೆ, ಬದುಕಿದ್ದೇನೆಂದು ದಾಖಲಾಯಿತು. ಮಿಕ್ಸಿ ಅಂಗಡಿಯವನು "ನಾಳೈಕ್ಕು ವಾಂಗಿಟ್ಟು ಪೋಂಗ" ಅಂದಾಗ ನನಗೆ ಹೊಳೆದದ್ದು ವಾಂಗೀಬಾತು. ಅವನು ನಕ್ಕು, ಜಾರನ್ನು ಕೊಟ್ಟು ತೆಗೆದುಕೊಳ್ಳುವ ಅಭಿನಯ ಮಾಡಿ, ಅದೇ ಮಾತನ್ನು ನಿಧಾನವಾಗಿ ಮತ್ತೆ ಹೇಳಿದ. ಔಷಧಿ ಅಂಗಡಿಯ ಮುದುಕರು ಹೊಟ್ಟೆ ತಟ್ಟಿಕೊಂಡು "ಸಾಪ್ಪಾಟ್ಟುಕ್ಕು ಮುನ್ನಾಡಿ" ಅಂದರು. ಊಟಕ್ಕೆ ಮುಂಚೆ. ನನ್ನ ಬಾಯಲ್ಲಿ ಎರಡು ಸಲ ಹೇಳಿಸಿಯೇ ಚಿಲ್ಲರೆ ಕೊಟ್ಟರು. ಹೂವಂತೂ ಅಲ್ಲಿಯೂ ಮೊಳದ ಲೆಕ್ಕವೇ.

ಸಂಜೆ ಮನೆಗೆ ಬಂದಾಗ ಬಟ್ಟೆ ಒದ್ದೆ, ಕಾಲು ನೋವು, ಆದರೆ ಜಮಾ ಖಾತೆಯಲ್ಲಿ ಹದಿನೈದು ಪದ. ಜೊತೆಗೆ ಎರಡು ಸೂತ್ರ. ಅವರ 'ವ' ಎಷ್ಟೋ ಕಡೆ ನಮ್ಮ 'ಬ': ವಾ-ಬಾ, ವೇರ್-ಬೇರು. ಅವರ 'ಪ' ನಮ್ಮ 'ಹ': ಪಾಲ್-ಹಾಲು, ಪೂ-ಹೂ.

ಇಲ್ಲಿ ಗಮನಿಸಬೇಕಾದ್ದು ನನ್ನ ಜಾಣತನವಲ್ಲ. ಆ ಬ್ಯಾಂಕಿನ ಹುಡುಗಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೇ? ಧಾರಾಳವಾಗಿ ಬರುತ್ತಿತ್ತು. ಆದರೂ ತನ್ನ ಊರಿನ ಕೆಲಸವನ್ನು ತನ್ನ ಮಾತಲ್ಲೇ ಮಾಡಿದಳು. ಯಾರೂ ಗದರಲಿಲ್ಲ, ಯಾರೂ ಅವಮಾನಿಸಲಿಲ್ಲ, ಯಾರೂ ಭಾಷಣ ಬಿಗಿಯಲಿಲ್ಲ. ಮಾತು ಬದಲಿಸಲಿಲ್ಲ, ಅಷ್ಟೇ.

ನಮ್ಮ ಬೆಂಗಳೂರಿನಲ್ಲಿ? ಎದುರಿನವರ ಮುಖ ನೋಡಿಯೇ ನಾವು ಹಿಂದಿಗೋ ಇಂಗ್ಲಿಷಿಗೋ ಹೊರಳುತ್ತೇವೆ. ಅವರು "ಎಷ್ಟು?" ಎಂದು ತೊದಲಿದರೆ ನಾವು "ಫಾರ್ಟಿ ರುಪೀಸ್" ಅನ್ನುತ್ತೇವೆ. ಕಲಿಯಲು ಬಂದವರ ಮುಖಕ್ಕೇ ಬಾಗಿಲು ಹಾಕಿ, ಆಮೇಲೆ ಒಳಗೆ ಬರಲಿಲ್ಲ ಎಂದು ಗೊಣಗುತ್ತೇವೆ. ಇದಕ್ಕೆ ಔದಾರ್ಯ ಅಂತ ಹೆಸರು ಬೇರೆ! ಇನ್ನು ಕೆಲವರದು ತದ್ವಿರುದ್ಧ: ಮೊಬೈಲು ಹಿಡಿದು, ಬಂದವರನ್ನು ಬೈದು ವಿಡಿಯೋ ಮಾಡುವುದು. ಬೈಗುಳದಲ್ಲಿ ಕಲಿಸಿದ ಭಾಷೆ ನಾಲಿಗೆಗೆ ಹತ್ತುವುದಿಲ್ಲ ಸ್ವಾಮಿ.

"ವ್ಯಾಪಾರ ಹೋಗುತ್ತೆ" ಅನ್ನುತ್ತಾರೆ. ಮಿಕ್ಸಿಯವನ ವ್ಯಾಪಾರ ಎಲ್ಲಿ ಹೋಯಿತು? ಮಾರನೇ ದಿನ ಹೋಗಿ ದುಡ್ಡು ಕೊಟ್ಟು ಬಂದವನು ನಾನೇ. ತುರ್ತು ಇದ್ದಾಗ, ಆಸ್ಪತ್ರೆಯಲ್ಲಿ, ಯಾವ ಭಾಷೆಯಾದರೂ ಸರಿ, ಮಾತಾಡಿ. ಮಿಕ್ಕ ಹೊತ್ತು ಅವಸರವೇನು?

ಬ್ಯಾಂಕಿನ ಮಾತನ್ನೇ ಹೇಳುತ್ತೇನೆ. ಗ್ರಾಹಕರ ಫಾರಂಗಳು ಇಂಗ್ಲಿಷ್, ಹಿಂದಿಯ ಜೊತೆಗೆ ಆಯಾ ಪ್ರದೇಶದ ಭಾಷೆಯಲ್ಲೂ ಇರಬೇಕು, ಚೆಕ್ಕನ್ನು ಪ್ರಾದೇಶಿಕ ಭಾಷೆಯಲ್ಲಿ ಬರೆಯಬಹುದು ಎಂದು ರಿಸರ್ವ್ ಬ್ಯಾಂಕ್ ಎಂದೋ ಹೇಳಿದೆ. ಆದರೆ ಕರ್ನಾಟಕದ ಶಾಖೆಗಳಲ್ಲಿ ನನ್ನ ಮುಂದೆ ಕನ್ನಡದಲ್ಲಿ ಬರೆದ ಚೆಕ್ಕು ಬಂದದ್ದು ಬೆರಳೆಣಿಕೆಯಷ್ಟು. ಬರೆಯಬೇಕಾದವರು ಹೊರಗಿನವರೇನಲ್ಲ, ನಾವೇ.

ಆದ್ದರಿಂದ ಇಷ್ಟು ಮಾಡಿ. ತರಕಾರಿ, ಆಟೋ, ಬ್ಯಾಂಕು, ಔಷಧಿ ಅಂಗಡಿ, ಎಲ್ಲೇ ಆಗಲಿ, ಮೊದಲ ಮಾತು ಕನ್ನಡದಲ್ಲಿರಲಿ. ಅರ್ಥವಾಗದಿದ್ದರೆ ನಗುತ್ತಾ ಕೈಸನ್ನೆ ಸೇರಿಸಿ, ಎರಡನೆಯ ಮಾತೂ ಕನ್ನಡದಲ್ಲೇ ಇರಲಿ. ಮೊದಲು ಸಾಲ ಕೊಡಿ. ಬಡ್ಡಿಯ ಮಾತು ಆಮೇಲೆ.