ಅಣೆಕಟ್ಟಿನ ಊರಿಗೂ ಟ್ಯಾಂಕರ್

ನೀರಿನ ಜಗಳ ಅಂದರೆ ನಮ್ಮವರಿಗೆ ನೆನಪಾಗುವುದು ಕಾವೇರಿ, ಮಹದಾಯಿ. ಅಷ್ಟು ದೂರ ಯಾಕೆ? ಡೊಂಬಿವಲಿಯಲ್ಲಿ ಕಸಾರಾ ಲೋಕಲ್ ಹತ್ತಿ ಆಸನಗಾಂವ್‌ನಲ್ಲಿ ಇಳಿಯಿರಿ. ಅದು ಶಹಾಪುರ ತಾಲೂಕು. 1892ರ ತಾನ್ಸಾ, ಆಮೇಲಿನ ಭಾತ್ಸಾ, ಮುಂಬೈಗೆ ನೀರು ಕೊಡುವ ಅಣೆಕಟ್ಟುಗಳು ಇಲ್ಲೇ ಇವೆ. ಮೇ ಬಂತೆಂದರೆ ಇದೇ ತಾಲೂಕಿನ ಆದಿವಾಸಿ ಪಾಡಾಗಳಲ್ಲಿ ಟ್ಯಾಂಕರಿಗಾಗಿ ಕೊಡಗಳ ಸಾಲು. ದೀಪದ ಬುಡದಲ್ಲೇ ಕತ್ತಲೆ.

ಮಳೆ ಇಲ್ಲವೇ? ಬೇಕಾದಷ್ಟಿದೆ. ಕಲ್ಯಾಣ-ಡೊಂಬಿವಲಿಗೆ ನೀರುಣಿಸುವ ಉಲ್ಹಾಸ್ ನದಿ 2019ರ ಜುಲೈಯಲ್ಲಿ ಉಕ್ಕಿದಾಗ, ಕೊಲ್ಹಾಪುರದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ (ನಮ್ಮ ಬೆಳಗಾವಿ ಕಡೆಯವರಿಗೆ ಪರಿಚಯದ ಗಾಡಿ) ವಾಂಗಣಿ ಬಳಿ ಸಾವಿರದಷ್ಟು ಜನರೊಂದಿಗೆ ನಡುನೀರಲ್ಲಿ ನಿಂತಿತ್ತು. ಅರಬ್ಬಿ ಸಮುದ್ರ ಬಿಸಿಯಾದಂತೆ ಗಾಳಿ ಹೆಚ್ಚು ತೇವ ಹೊತ್ತು ತರುತ್ತದೆ. ಧೋ ಎಂದು ಸುರಿದದ್ದು ಕಪ್ಪು ಬಂಡೆಯ ನೆಲದಲ್ಲಿ ಇಂಗದೆ ಖಾಡಿ ಸೇರುತ್ತದೆ.

ಬೇಸಿಗೆಯಲ್ಲಿ ನಮ್ಮ ಸೊಸೈಟಿಯೂ ಟ್ಯಾಂಕರ್ ತರಿಸುತ್ತದೆ. ನಮಗೆ ಒಂದು ಫೋನ್ ಸಾಕು. ಪಾಡಾದ ಹೆಂಗಸು ದಿನಗೂಲಿ ಬಿಟ್ಟು ಕಾಯಬೇಕು. ಸದ್ದಿಲ್ಲದ ಈ ಜಗಳವೇ ದೊಡ್ಡದು ಅನ್ನಿಸುತ್ತದೆ ನನಗೆ. ಮೊನ್ನೆಯ ಮೀಟಿಂಗಿನಲ್ಲಿ ಪ್ರತಿ ಫ್ಲ್ಯಾಟಿಗೂ ನೀರಿನ ಮೀಟರ್ ಹಾಕಿಸೋಣ ಎಂದೆ. “ನೀರಿಗೂ ಲೆಕ್ಕ ಏನ್ರೀ?” ಎಂದರು ಒಬ್ಬರು. ಮುಂದಿನ ತಿಂಗಳು ಮತ್ತೆ ಕೇಳುತ್ತೇನೆ. ನಿಮ್ಮ ಸೊಸೈಟಿಯಲ್ಲಿ ಮೀಟರ್ ಇದ್ದರೆ, ಹೇಗೆ ಒಪ್ಪಿಸಿದಿರೆಂದು ದಯವಿಟ್ಟು ಬರೆಯಿರಿ.